ಟವರ್ ಬೇಡ, ಟವರ್ ಸಿಗ್ತಿಲ್ಲ

ಬೆಳಗ್ಗೆ ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ ಎರಡು ಸುತ್ತು ಹಾಕುವುದು, ಗೇಟಿನ ಹತ್ತಿರ ಜ್ಯೂಸು ಕುಡಿಯುವುದು, ಆಮೇಲೆ ಹೋಟೆಲಿಗೆ ಹೋಗಿ ಕರಗಿಸಿದ್ದನ್ನೆಲ್ಲ ಬೆಣ್ಣೆ ಸಮೇತ ವಾಪಸ್ ತುಂಬಿಕೊಳ್ಳುವುದು. ನಮ್ಮ ಐದು ಜನರ ದಿನಚರಿ ಇದು. ತಟ್ಟೆ ಇಡ್ಲಿ ಅಂದರೆ ಕ್ಯಾತ್ಸಂದ್ರವೇ ಅಂತ ಬೆಂಗಳೂರಿನವರೆಲ್ಲ ಅಲ್ಲಿ ಕಾರು ನಿಲ್ಲಿಸುತ್ತಾರೆ. ನಿಲ್ಲಿಸಲಿ. ನಮ್ಮ ಹೋಟೆಲಿನಲ್ಲಿ ನಮಗೆ ಜಾಗ ಸಿಗುತ್ತೆ.

ಆವತ್ತು ಮಾತು ಶುರುವಾಗಿದ್ದು ಜ್ಯೂಸಿನ ಗಾಡಿ ಹತ್ತಿರ, ನನ್ನ ತಲೆನೋವಿನಿಂದ.

"ಕಣ್ಣು ಯಾಕೋ ಹಿಂಗೆ ಕೆಂಪಗಿದೆ?" ಅಂದ ರಂಗಣ್ಣ.

"ನಿದ್ದೆ ಇಲ್ಲ ಕಣೋ. ಪಕ್ಕದ ಮನೆ ಮಹಡಿ ಮೇಲೆ ಮೊಬೈಲ್ ಟವರ್ ಹಾಕಿದ್ದಾರಲ್ಲ, ಆವಾಗಿಂದ ತಲೆ ಸಿಡಿತಾ ಇದೆ."

ಇಷ್ಟು ಸಾಕಾಯಿತು. ರಂಗಣ್ಣ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಭೂತಗನ್ನಡಿ ಇಟ್ಟುಕೊಂಡು ಜೋಡಿಸಿದವನು. 2016ರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೆ ಅದೇ ಭೂತಗನ್ನಡಿಯಲ್ಲಿ ಊರನ್ನು ನೋಡುತ್ತಿದ್ದಾನೆ.

"ರೇಡಿಯೇಷನ್! ನಾನು ಮೊದಲೇ ಹೇಳಿರಲಿಲ್ವಾ?" ಅಂತ ಲೋಳೆಸರದ ಜ್ಯೂಸಿನ ಲೋಟ ಎತ್ತಿ ಹಿಡಿದ. "ಅಮೆರಿಕದಲ್ಲಿ ನೂರು ವರ್ಷದ ಹಿಂದೆ ವಾಚಿನ ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚೋಕೆ ಹುಡುಗಿಯರನ್ನ ಇಟ್ಟುಕೊಂಡಿದ್ರು. ಬ್ರಷ್ಷಿನ ತುದಿ ಚೂಪಾಗಲಿ ಅಂತ ತುಟಿಗೆ ಇಟ್ಟು ಇಟ್ಟು, ಪಾಪ, ದವಡೆ ಮೂಳೆಯೇ ಕೊಳೆತು ಹೋಯ್ತು. ನಮ್ಮ ಲೈನಿನಲ್ಲಿದ್ದವರಿಗೆಲ್ಲ ಈ ಕಥೆ ಗೊತ್ತು. ಈಗ ನಿನ್ನ ದವಡೆ ನೋಡ್ಕೋ."

ನಾನು ದವಡೆ ಮುಟ್ಟಿ ನೋಡಿಕೊಂಡೆ. ಸುಳ್ಳು ಯಾಕೆ ಹೇಳಲಿ.

"ಕಥೆ ನಿಜ ರಂಗಣ್ಣೋರೆ. ಆದ್ರೆ ರೇಡಿಯಂ ಬೇರೆ, ರೇಡಿಯೋ ಬೇರೆ" ಅಂದರು ಗೀತಾ ಮೇಡಂ. ಮೇಡಂ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿ ರಿಟೈರ್ ಆದವರು. ಅವರ ಹತ್ತಿರ ಮಾತಾಡುವಾಗ ನಮಗೆಲ್ಲ ಈಗಲೂ ಹೋಂವರ್ಕ್ ಮಾಡದ ಭಯ. "ಎಕ್ಸ್‌ರೇ, ರೇಡಿಯಂ ಕಿರಣ ಇವೆಲ್ಲ ಡಿಎನ್‌ಎ ಎಳೆಯನ್ನೇ ಕತ್ತರಿಸೋ ಅಷ್ಟು ಶಕ್ತಿ ಇರೋವು. ಮೊಬೈಲ್ ಅಲೆ ಹಾಗಲ್ಲ. ಒಂದೊಂದು ಕಣದ ಲೆಕ್ಕ ತಗೊಂಡ್ರೆ ನಿಮ್ಮನೆ ಬಲ್ಬಿನ ಬೆಳಕಿಗಿಂತಲೂ ಲಕ್ಷ ಪಟ್ಟು ಬಡವ. ಮರದಿಂದ ಮಾವಿನಕಾಯಿ ಬೀಳಿಸಬೇಕು ಅಂದ್ರೆ ಒಂದು ಕಲ್ಲು ಬೇಕು. ಅಕ್ಕಿಕಾಳನ್ನ ಒಂದೊಂದಾಗಿ ಒಂದು ಲಾರಿ ಎಸೆದ್ರೂ ಕಾಯಿ ಬೀಳಲ್ಲ."

"ಒಂದು ಲಾರಿ ಅಕ್ಕಿ ಒಂದೇ ಸಲ ಸುರಿದ್ರೆ?" ಅಂದ ಶಿವಲಿಂಗಣ್ಣ. ಗುಬ್ಬಿ ಕಡೆ ಅಡಿಕೆ ತೋಟ ಇರುವವನು, ಲಾರಿ ಲೆಕ್ಕ ಬೇಗ ಹತ್ತುತ್ತೆ.

ಮೇಡಂಗೆ ಖುಷಿಯಾಯಿತು. "ಸರಿಯಾಗಿ ಕೇಳಿದ್ರಿ. ಆವಾಗ ಬಿಸಿ ಆಗುತ್ತೆ. ಮೈಕ್ರೋವೇವ್ ಒಲೆ ಮಾಡೋದು ಅದನ್ನೇ. ನಿಮ್ಮನೆ ವೈಫೈ, ಆ ಒಲೆ, ಎರಡೂ ಓಡೋದು ಹೆಚ್ಚುಕಮ್ಮಿ ಒಂದೇ 2.4 ಗಿಗಾಹರ್ಟ್ಸಲ್ಲಿ. ಒಲೆಯಲ್ಲಿ 800 ವ್ಯಾಟ್ ಸುರಿತಾರೆ, ಅದೂ ಕಬ್ಬಿಣದ ಪೆಟ್ಟಿಗೆಯೊಳಗೆ. ವೈಫೈ ಡಬ್ಬಿಯಲ್ಲಿ ಇರೋದು ಸುಮಾರು 0.1 ವ್ಯಾಟ್. ಅದರಲ್ಲಿ ಒಂದು ತಟ್ಟೆ ಇಡ್ಲಿ ಬೇಯಿಸಬೇಕು ಅಂದ್ರೆ ಮೊಮ್ಮಕ್ಕಳು ತಿನ್ನಬೇಕು."

ಅಲ್ಲಿಗೆ ಎಲ್ಲರಿಗೂ ಹಸಿವು ನೆನಪಾಯಿತು. ಹೊರಟೆವು. ರಂಗಣ್ಣ ಮಾತ್ರ ಬಿಡಲಿಲ್ಲ. ಹೋಟೆಲಿನಲ್ಲಿ ಕೂತ ತಕ್ಷಣ ಮುಖ್ಯವಾದ ಅಸ್ತ್ರ ತೆಗೆದ.

"ಮೇಡಂ, ವಿಶ್ವ ಆರೋಗ್ಯ ಸಂಸ್ಥೆಯವರ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲೇ ಮೊಬೈಲ್ ಅಲೆಯನ್ನ ಕ್ಯಾನ್ಸರ್ ಪಟ್ಟಿಗೆ ಸೇರಿಸಿದೆ. ಇದು ಸುಳ್ಳಾ?"

"ನಿಜ. 2ಬಿ ಗುಂಪಿಗೆ ಸೇರಿಸಿದ್ದಾರೆ. ಬರಬಹುದೇನೋ, ಪುರಾವೆ ಸಾಲದು ಅನ್ನೋ ಗುಂಪು. ಅದೇ ಗುಂಪಲ್ಲಿ ಇನ್ನೇನಿದೆ ಗೊತ್ತಾ? ಚೀನಾ, ಕೊರಿಯಾ ಕಡೆಯ ಉಪ್ಪಿನಕಾಯಿ. ಆಮೇಲೆ ಲೋಳೆಸರ. ಇಡೀ ಎಲೆ ಅರೆದು ತೆಗೆದ ರಸ."

ರಂಗಣ್ಣನ ಮುಖ ನೋಡಬೇಕಿತ್ತು. ಐದು ವರ್ಷದಿಂದ ಪ್ರತಿದಿನ ಒಂದು ಲೋಟ. ಮೀಸೆಯ ಮೇಲೆ ಹಸಿರು ಗೆರೆ ಇನ್ನೂ ಒಣಗಿರಲಿಲ್ಲ. ಮೆಲ್ಲಗೆ ಕರ್ಚೀಫಿನಲ್ಲಿ ಒರೆಸಿಕೊಂಡ.

ಶಿವಲಿಂಗಣ್ಣ ಬಿದ್ದು ಬಿದ್ದು ನಕ್ಕ. ಬಾಯಲ್ಲಿ ಎಲೆ ಅಡಿಕೆ ಇದ್ದಿದ್ದರಿಂದ ನಗು ಸ್ವಲ್ಪ ಕೆಂಪಗೆ ಬಂತು. ಮೇಡಂ ಅವನ ಕಡೆ ತಿರುಗಿದರು.

"ಅಡಿಕೆ ಇರೋದು ಒಂದನೇ ಗುಂಪಲ್ಲಿ ಶಿವಲಿಂಗಣ್ಣೋರೆ. ತಂಬಾಕಿನ ಜೊತೆ. ಅಲ್ಲಿ 'ಬರಬಹುದೇನೋ' ಇಲ್ಲ."

"ಮೇಡಂ, ಅಡಿಕೆ ವಿಷಯ ಬೇಡ" ಅಂದ ಅವನು, ಬೆಲೆ ಬಿದ್ದಾಗ ಹೇಳುವ ದನಿಯಲ್ಲಿ. "ಬೆಳೆಗಾರರು ಒಪ್ಪಲ್ಲ. ಟವರ್ ವಿಷಯ ಮಾತಾಡಿ."

ಟವರ್ ವಿಷಯದಲ್ಲಿ ಶಿವಲಿಂಗಣ್ಣನಿಗೆ ಸಿಟ್ಟಿರುವುದಕ್ಕೆ ಬೇರೆ ಕಾರಣ ಇದೆ. ಅವನ ಮನೆ ಆ ಟವರ್ ಮನೆಯ ಇನ್ನೊಂದು ಪಕ್ಕ. ಎರಡು ವರ್ಷದ ಹಿಂದೆ ಅವನಿಗೊಂದು ಫೋನ್ ಬಂದಿತ್ತು. "ನಿಮ್ಮ ಮಹಡಿ ನಮ್ಮ ಕಂಪನಿಗೆ ಆಯ್ಕೆ ಆಗಿದೆ ಸಾರ್, ತಿಂಗಳಿಗೆ ಮೂವತ್ತು ಸಾವಿರ ಬಾಡಿಗೆ, ಮನೆಯವರೊಬ್ಬರಿಗೆ ಕೆಲಸ. ರಿಜಿಸ್ಟ್ರೇಷನ್ ಫೀಸು ಹದಿನೆಂಟು ಸಾವಿರ ಕಟ್ಟಿಬಿಡಿ." ಕಟ್ಟಿಬಿಟ್ಟ. ಮಹಡಿ ಮೇಲಿನ ತುಳಸಿಕಟ್ಟೆ ಬೇರೆ ಒಡೆಸಿ ಜಾಗ ಮಾಡಿದ. ಆ ನಂಬರು ಇವತ್ತಿಗೂ ಸ್ವಿಚ್ ಆಫ್. ಇಂಥ ಮೋಸದ ಬಗ್ಗೆ ದೂರಸಂಪರ್ಕ ಇಲಾಖೆಯವರು ಎಷ್ಟೋ ಸಲ ಎಚ್ಚರಿಕೆ ಕೊಟ್ಟಿದ್ದಾರೆ, ಅದನ್ನು ಇವನು ಓದಿದ್ದು ಆಮೇಲೆ. ಕೊನೆಗೆ ನಿಜವಾದ ಟವರ್ ಬಂತು. ಪಕ್ಕದವರ ಮಹಡಿಗೆ. ಟವರಿನಿಂದ ಹಾನಿಯಾದ ಮನುಷ್ಯ ನಮ್ಮ ಬೀದಿಯಲ್ಲಿ ಯಾರಾದರೂ ಇದ್ದರೆ ಅವನೇ. ಅದೂ ಟವರ್ ಬರದೇ ಇದ್ದಿದ್ದರಿಂದ.

"ಗುಬ್ಬಚ್ಚಿ ಎಲ್ಲಿ ಹೋದ್ವು ಹೇಳಿ ಹಾಗಾದ್ರೆ" ಅಂತ ರಂಗಣ್ಣ ಚೇತರಿಸಿಕೊಂಡ.

"ಹೆಂಚಿನ ಮನೆ ಹೋದಾಗ ಹೋದ್ವು. ಗಾಜಿನ ಕಿಟಕಿ, ಕಾಂಕ್ರೀಟ್ ಗೋಡೆ, ಎಲ್ಲಿ ಗೂಡು ಕಟ್ತಾವೆ? ಅಂಗಡಿ ಮುಂದೆ ಅಕ್ಕಿ ಕೇರೋರು ಯಾರಿದಾರೆ ಈಗ?" ಅಂದರು ಮೇಡಂ. ಮಂಡಿಪೇಟೆಯಲ್ಲಿ ಮೂಟೆಗಳ ಮೇಲೆ ಈಗಲೂ ಕೂರುತ್ತವೆ, ನಾನೇ ನೋಡಿದ್ದೇನೆ. ಅಲ್ಲೂ ಟವರ್ ಇದೆ. ಶಿವಲಿಂಗಣ್ಣ, "ಗುಬ್ಬಿ ಬೇಕಾದ್ರೆ ನಮ್ಮ ಗುಬ್ಬಿಗೆ ಬಾ, ಇಪ್ಪತ್ತು ಕಿಲೋಮೀಟರು" ಅಂದ. ಈ ಜೋಕನ್ನು ನಾವು ತಿಂಗಳಿಗೆ ಎರಡು ಸಲ ಕೇಳುತ್ತೇವೆ.

"ಇಲಿ?" ಅಂದ ರಂಗಣ್ಣ. "2018ರಲ್ಲಿ ಅಮೆರಿಕದೋರು ಇಲಿಗಳ ಮೇಲೆ ಪರೀಕ್ಷೆ ಮಾಡಿ ಹೃದಯದಲ್ಲಿ ಗಡ್ಡೆ ಬಂತು ಅಂದಿಲ್ವಾ?"

"ಗಂಡು ಇಲಿಗಳಿಗೆ ಬಂತು. ದಿನಕ್ಕೆ ಒಂಬತ್ತು ಗಂಟೆ, ಎರಡು ವರ್ಷ, ಇಡೀ ಮೈಗೆ ಹಾಯಿಸಿದ್ರು. ನಾವು ಯಾರೂ ಅಷ್ಟು ತಗೊಳಲ್ಲ. ಇನ್ನೊಂದು ವಿಷಯ ಅದೇ ವರದಿಯಲ್ಲಿದೆ. ಅಲೆ ತಗೊಂಡ ಗಂಡು ಇಲಿಗಳು ತಗೊಳ್ಳದ ಇಲಿಗಳಿಗಿಂತ ಜಾಸ್ತಿ ದಿನ ಬದುಕಿದ್ವು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೂವರು ಗಂಡಸರೂ ಆಯಸ್ಸಿನ ಲೆಕ್ಕ ಹಾಕುತ್ತಿದ್ದೆವು. ನಾಲ್ಕನೆಯವನು ಪುಟ್ಟಸ್ವಾಮಿ, ಚಟ್ನಿ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದ.

"ಮನುಷ್ಯರ ವಿಷಯ ಬೇಕಾದ್ರೆ, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೇ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿಸಿತು" ಅಂತ ಮೇಡಂ ಮುಂದುವರಿಸಿದರು. "ಮೊಬೈಲಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಿಸಲಿಲ್ಲ. ಇಷ್ಟು ವರ್ಷ ಇಷ್ಟು ಕೋಟಿ ಜನ ಕಿವಿಗೆ ಹಚ್ಕೊಂಡಿದಾರೆ, ಇದ್ದಿದ್ರೆ ಇಷ್ಟೊತ್ತಿಗೆ ಕಾಣಬೇಕಿತ್ತು."

ರಂಗಣ್ಣ ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲೆ ಅಂಗಾತ ಮಲಗಿಸಿದ. ಬೆನ್ನ ಮೇಲೆ ಹುಣಸೆ ಬೀಜದಷ್ಟು ಒಂದು ಬಂಗಾರದ ಬಣ್ಣದ ಸ್ಟಿಕ್ಕರು. ರೇಡಿಯೇಷನ್ ತಡೆಯುತ್ತಂತೆ. ಮುನ್ನೂರು ರೂಪಾಯಿ.

"ಅಲೆ ತಡೆದುಬಿಟ್ರೆ ನಿನಗೆ ಫೋನ್ ಹೆಂಗೆ ಬರುತ್ತೆ?" ಅಂದ ಪುಟ್ಟಸ್ವಾಮಿ. ಲೈನ್‌ಮ್ಯಾನ್ ಆಗಿದ್ದವನು. ಕಂಬ ಹತ್ತಿ ಇಳಿದೇ ಜೀವನ ಮಾಡಿದ್ದರಿಂದ ಮಾತು ಕಮ್ಮಿ.

"ಕೆಟ್ಟ ಅಲೆ ತಡೆಯುತ್ತೆ. ಒಳ್ಳೇದನ್ನ ಬಿಡುತ್ತೆ."

ಪುಟ್ಟಸ್ವಾಮಿ ಎದ್ದು ಹೋಗಿ ಹೋಟೆಲಿನವರ ಹತ್ತಿರ ಒಂದು ಸ್ಟೀಲ್ ಡಬ್ಬಿ ಇಸಕೊಂಡು ಬಂದ. ಒಣಮೆಣಸಿನಕಾಯಿ ಘಾಟು ಇನ್ನೂ ಇತ್ತು. ರಂಗಣ್ಣನ ಫೋನನ್ನು ಅದರಲ್ಲಿಟ್ಟು ಮುಚ್ಚಳ ಒತ್ತಿದ. "ಈಗ ಹೊಡಿ" ಅಂದ ನನಗೆ. ಹೊಡೆದೆ. ಎರಡು ಕ್ಷಣ ಸುಮ್ಮನಿತ್ತು. ಆಮೇಲೆ ಡಬ್ಬಿಯೊಳಗಿಂದ ಮಂಗಳಾರತಿ ಶುರುವಾಯಿತು, ರಂಗಣ್ಣನ ರಿಂಗ್‌ಟೋನು. ಡಬ್ಬಿ ಗಡಗಡ ನಡುಗುತ್ತಾ ಮೇಜಿನ ತುದಿ ಕಡೆ ಸರಿಯಿತು. ಪಕ್ಕದ ಮೇಜಿನ ಅಜ್ಜಿ ಕೈ ಮುಗಿದರು.

"ಮುಚ್ಚಳದ ಸಂದಿಯಲ್ಲಿ ತೂರಿ ಬರೋ ಅಲೆ, ನಿನ್ನ ಸ್ಟಿಕ್ಕರಿಗೆ ಹೆದರುತ್ತಾ?" ಅಂದ ಪುಟ್ಟಸ್ವಾಮಿ.

ಮೇಡಂ ಸೇರಿಸಿದರು: "ನಿಜವಾಗ್ಲೂ ತಡೆಯೋ ಸ್ಟಿಕ್ಕರ್ ಆಗಿದ್ರೆ ಇನ್ನೂ ಕಷ್ಟ. ದೂರ ಇರೋರ ಹತ್ತಿರ ಮಾತಾಡಬೇಕಾದ್ರೆ ನಾವು ಕೂಗಲ್ವಾ? ಸಿಗ್ನಲ್ ಕಮ್ಮಿ ಇದ್ರೆ ಫೋನೂ ಹಾಗೇ ಕೂಗುತ್ತೆ, ಜಾಸ್ತಿ ಪವರ್ ಹಾಕುತ್ತೆ. ಶಿವಲಿಂಗಣ್ಣೋರೆ, ತೋಟದಲ್ಲಿ ಫೋನ್ ಹೇಗೆ?"

"ಒಂದು ಕಡ್ಡಿ ಬಂದ್ರೆ ಹೆಚ್ಚು. ಮಧ್ಯಾಹ್ನಕ್ಕೆ ಬ್ಯಾಟರಿ ಖಾಲಿ. ಬೆನ್ನು ಕಾದಿರುತ್ತೆ."

"ಅದೇ. ಟವರ್ ದೂರ ಆದಷ್ಟೂ ಕಿವಿ ಪಕ್ಕದಲ್ಲಿರೋ ಫೋನ್ ಕೂಗಾಟ ಜಾಸ್ತಿ. ದೂರ ಎರಡು ಪಟ್ಟಾದ್ರೆ ಅಲೆಯ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತೆ. ಟವರ್ ಐವತ್ತಡಿ ಆಚೆ, ಫೋನ್ ಕಿವಿಗೇ ಅಂಟಿಕೊಂಡಿದೆ. ಮೈಮೇಲೆ ಬೀಳೋದರಲ್ಲಿ ಫೋನಿಂದೇ ದೊಡ್ಡ ಪಾಲು. ಅಷ್ಟು ಭಯ ಇದ್ರೆ ಇಯರ್‌ಫೋನ್ ಹಾಕ್ಕೊಳ್ಳಿ, ಸ್ಪೀಕರಲ್ಲಿ ಮಾತಾಡಿ."

ಸ್ಪೀಕರಿನಲ್ಲಿ ಮಾತಾಡಿ ಅಂತ ಮಾತ್ರ ಅವರು ಹೇಳಬಾರದಿತ್ತು. ಶಿವಲಿಂಗಣ್ಣ ಈಗ ವಾಕಿಂಗಿನಲ್ಲೂ ಹಾಗೇ ಮಾತಾಡುತ್ತಾನೆ. ಅವನ ತಂಗಿಯ ಮಗಳ ಮದುವೆ ಮಾತುಕತೆ ಅಮಾನಿಕೆರೆಯ ಬಾತುಕೋಳಿಗಳಿಗೂ ಗೊತ್ತು.

ಫೋನಿನ ಅಲೆಯನ್ನ ಮೈ ಹೆಚ್ಚೆಂದರೆ ಎಷ್ಟು ಹೀರಿಕೊಳ್ಳುತ್ತೆ ಅಂತ ಫೋನೇ ಹೇಳುತ್ತೆ, *#07# ಒತ್ತಿ ಅಂದರು ಮೇಡಂ. ನಾಲ್ಕು ಜನ ಕನ್ನಡಕ ಹಣೆಗೇರಿಸಿ ಒತ್ತಿದೆವು. ನಮ್ಮ ದೇಶದಲ್ಲಿ ಮಿತಿ ಮೈಯ ಒಂದು ಕಿಲೋಗೆ 1.6 ವ್ಯಾಟ್. "ನಂದು 1.18" ಅಂದೆ. "ನಂದು 0.9" ಅಂತ ರಂಗಣ್ಣ, ಎದೆ ಉಬ್ಬಿಸಿ. "ಖಾಲಿ ಹೊಟ್ಟೆಯಲ್ಲಾ?" ಅಂತ ಯಾರೋ ಅಂದರು. ಶುಗರ್ ರಿಪೋರ್ಟ್ ಹೋಲಿಸಿ ಹೋಲಿಸಿ ನಮಗೆ ಯಾವ ನಂಬರ್ ಕೊಟ್ಟರೂ ಅದೇ ಧಾಟಿ.

ನನಗೆ ಮಾತ್ರ ಸಮಾಧಾನ ಆಗಲಿಲ್ಲ. "ಎಲ್ಲಾ ಸರಿ ಮೇಡಂ. ನನ್ನ ತಲೆನೋವು ಸುಳ್ಳಾ?"

"ಯಾರಂದ್ರು? ತಲೆನೋವು ನಿಜ. ಕಾರಣ ಗೊತ್ತಿಲ್ಲ ಅಷ್ಟೇ. ಟವರಿನ ಅಲೆ ಹೋಗೋದು ಟಾರ್ಚಿನ ಥರ, ಅಡ್ಡಡ್ಡಕ್ಕೆ, ತುಸು ಬಗ್ಗಿ. ನೇರ ಕೆಳಗೆ ಬೀಳೋದು ಕಮ್ಮಿ. ದೀಪದ ಬುಡದಲ್ಲಿ ಕತ್ತಲೆ ಅಂತೀವಲ್ಲ, ಹಾಗೆ. ಅದೂ ಅಲ್ದೆ 2012ರಲ್ಲಿ ನಮ್ಮ ಸರ್ಕಾರ ಟವರಿನ ಮಿತಿಯನ್ನ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿತು. ಅನುಮಾನ ಇದ್ರೆ ಅಳತೆ ಮಾಡಿಸಬಹುದು. ತರಂಗ್ ಸಂಚಾರ್ ಅಂತ ಪೋರ್ಟಲ್ ಇದೆ, ನಾಲ್ಕು ಸಾವಿರ ರೂಪಾಯಿ ಕಟ್ಟಿದ್ರೆ ಬಂದು ಅಳೀತಾರೆ."

ಬೀದಿಯಲ್ಲಿ ಚಂದಾ ಎತ್ತೋಣ ಅಂದೆ. ಎತ್ತಿದೆ ಕೂಡ. ಟವರ್ ಬೇಡ ಅಂತ ರಂಗಣ್ಣ ಬರೆದ ಅರ್ಜಿಗೆ ಸಹಿ ಹಾಕಿದವರು ನಲವತ್ತೊಂದು ಜನ. ಅಳತೆಗೆ ಕಾಸು ಅಂದಾಗ ಒಟ್ಟಾಗಿದ್ದು 640 ರೂಪಾಯಿ, ಅದರಲ್ಲಿ 500 ನನ್ನದೇ. ಅರ್ಜಿ ಮಾತ್ರ ಘನವಾಗಿತ್ತು. "ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಭೀಕರ ವಿಕಿರಣದಿಂದ ಬಡಾವಣೆಯ ಸಮಸ್ತ ನಾಗರಿಕರು ತತ್ತರಿಸಿದ್ದು" ಅಂತ. ಅದನ್ನು ಗ್ರೂಪಿಗೆ ಹಾಕೋಣ ಅಂತ ಶಿವಲಿಂಗಣ್ಣ ಒಳಮನೆಯಲ್ಲಿ ಅರ್ಧ ಗಂಟೆ ಒದ್ದಾಡಿ, ಹೊರಗೆ ಬಂದು, ಫೋನನ್ನು ಆಕಾಶಕ್ಕೆ ಹಿಡಿದು ಕೂಗಿದ: "ಥೂ, ಇಲ್ಲಿ ಟವರೇ ಸಿಗಲ್ಲ!"

ಇನ್ನೊಂದು ಭಾನುವಾರ ಪುಟ್ಟಸ್ವಾಮಿ ನಮ್ಮ ಮನೆಗೆ ಬಂದ. ಕಾಫಿ ಕುಡಿದ. ಟವರಿನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಒಂದೇ ಪ್ರಶ್ನೆ ಕೇಳಿದ.

"ತಲೆನೋವು ಕರೆಂಟ್ ಇದ್ದಾಗ ಬರುತ್ತಾ, ಹೋದಾಗ ಬರುತ್ತಾ?"

ಇದೆಂಥ ಪ್ರಶ್ನೆ ಅಂದುಕೊಂಡೆ. ನನ್ನ ಹೆಂಡತಿ ಎದ್ದು ಹೋಗಿ ಅಡುಗೆಮನೆ ಕ್ಯಾಲೆಂಡರ್ ತಂದಳು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ದುಡ್ಡು ಎಲ್ಲ ಅದರಲ್ಲೇ. ನಡುವೆ ಕೆಂಪು ಪೆನ್ನಿನಲ್ಲಿ 'ತ.ನೋ.' ಅಂತ. ನನ್ನ ತಲೆನೋವಿಗೂ ಲೆಕ್ಕ ಇಟ್ಟಿದ್ದಳು, ನನಗೇ ಗೊತ್ತಿರಲಿಲ್ಲ. 7, 12, 13, 21, 26. ಪುಟ್ಟಸ್ವಾಮಿ ತನ್ನ ಹಳೇ ಲೈನ್‌ಮ್ಯಾನ್‌ಗಳ ಗ್ರೂಪ್ ತೆಗೆದ. ಯಾವ ರಾತ್ರಿ ಎಲ್ಲಿ ಲೈನ್ ಹೋಗಿತ್ತು, ಎಲ್ಲ ಅದರಲ್ಲಿದೆ. 6ರ ರಾತ್ರಿ ಹೋಗಿತ್ತು. 11, 12 ಹೋಗಿತ್ತು. 20 ಹೋಗಿತ್ತು. 25 ಮಾತ್ರ ಹೋಗಿರಲಿಲ್ಲ.

"25ನೇ ತಾರೀಖು ರಾತ್ರಿ ಎರಡು ಗಂಟೆವರೆಗೆ ಇವರು ಫೋನಲ್ಲಿ ವೀಡಿಯೋ ನೋಡ್ತಿದ್ರು" ಅಂದಳು ಹೆಂಡತಿ. "ಟವರಿನಿಂದ ನಿದ್ದೆ ಹಾಳಾಗೋದು ಹೇಗೆ ಅಂತ."

ಪುಟ್ಟಸ್ವಾಮಿ ನಗಲಿಲ್ಲ, ಅದು ಅವನ ದೊಡ್ಡ ಗುಣ. ನಮ್ಮ ಮಲಗುವ ಕೋಣೆಗೆ ಹೋಗಿ ಕಿಟಕಿ ಸರಳಿನ ಮೇಲೆ ಬೆರಳು ಎಳೆದ. ಬೆರಳು ತೋರಿಸಿದ. ಕಾಡಿಗೆ ಡಬ್ಬಿಗೆ ಅದ್ದಿದ ಹಾಗಿತ್ತು. ಕಿಟಕಿಯಿಂದ ಎಂಟು ಅಡಿ ಆಚೆ, ಕಾಂಪೌಂಡಿನ ಪಕ್ಕ, ಟವರಿನವರ ಹಸಿರು ಪೆಟ್ಟಿಗೆ. ಜನರೇಟರ್. ಕರೆಂಟ್ ಹೋದರೆ ತಾನಾಗೇ ಶುರುವಾಗುತ್ತೆ. ಅದರ ಹೊಗೆ ಕೊಳವೆ ಮೊಣಕೈ ಮಡಿಸಿ ನಮ್ಮ ಕಿಟಕಿಯನ್ನೇ ನೋಡುತ್ತಿತ್ತು. ಎರಡು ತಿಂಗಳಿಂದ ನಾನು ಬರೀ ಮೇಲೆ ನೋಡಿದ್ದೆ. ನಲವತ್ತೊಂದು ಜನ ಮೇಲೆ ನೋಡಿದ್ದೆವು.

ಮೇಡಂಗೆ ಫೋನ್ ಮಾಡಿದೆ. "ಡೀಸೆಲ್ ಹೊಗೆನಾ?" ಅಂದರು. "ಅದನ್ನ 2012ರಲ್ಲಿ ಒಂದನೇ ಗುಂಪಿಗೆ ಹಾಕಿದ್ದಾರೆ. ಅಡಿಕೆ ಪಕ್ಕದಲ್ಲೇ."

ಹೊಸ ಅರ್ಜಿ ಪುಟ್ಟಸ್ವಾಮಿಯೇ ಹೇಳಿ ಬರೆಸಿದ. ಮನೆಗಳಿರುವ ಕಡೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಶಬ್ದ 45 ಡೆಸಿಬೆಲ್ ದಾಟಬಾರದು, 2000ನೇ ಇಸವಿಯ ನಿಯಮ. ಹೊಗೆ ಕೊಳವೆ ಕಟ್ಟಡಕ್ಕಿಂತ ಎತ್ತರಕ್ಕೆ ಹೋಗಬೇಕು, 15 ಕೆವಿಎ ಜನರೇಟರ್ ಆದರೆ ಕಟ್ಟಡದ ಮೇಲೆ ಇನ್ನೂ ಮುಕ್ಕಾಲು ಮೀಟರು. ಭೀಕರ ಅನ್ನುವ ಪದ ಒಂದಾದರೂ ಇರಲಿ ಅಂತ ರಂಗಣ್ಣ ಬೇಡಿಕೊಂಡ. ಹಾಕಲಿಲ್ಲ. ಸಹಿಗೆ ಹೋದರೆ ಈ ಸಲ ಬರೀ ಒಂಬತ್ತು ಜನ. "ಜನರೇಟರ್ ಅಷ್ಟೇನಾ?" ಅಂತ ಎಲ್ಲರಿಗೂ ನಿರಾಸೆ. ಶಿವಲಿಂಗಣ್ಣನಂತೂ, "ಹೊಗೆಗೆಲ್ಲ ಹೆದರ್ತೀಯೇನೋ? ನಮ್ಮಜ್ಜಿ ಒಲೆ ಮುಂದೆ ತೊಂಬತ್ತು ವರ್ಷ ಬದುಕಿದ್ಲು" ಅಂತ ಬಾಗಿಲಲ್ಲೇ ಕಳಿಸಿಬಿಟ್ಟ.

ಹದಿನೈದು ದಿನಕ್ಕೆ ಒಬ್ಬ ಹುಡುಗ ಸ್ಪ್ಯಾನರ್ ಹಿಡಿದು ಬಂದ. ಕೊಳವೆ ಎತ್ತರಿಸಬೇಕು ಅಂದೆ. "ಪೈಪ್ ಆಮೇಲೆ ಬರುತ್ತೆ ಸಾರ್, ಈಗ ಅಡ್ಜಸ್ಟ್ ಮಾಡ್ತೀನಿ" ಅಂತ ಎರಡು ನಟ್ ಸಡಿಲಿಸಿದ, ಏನೋ ತಿರುಗಿಸಿದ, ಹೋದ. ಆವತ್ತು ರಾತ್ರಿಯೇ ಕರೆಂಟ್ ಹೋಯಿತು. ಶಬ್ದ ಬಂತು, ಹೊಗೆ ಬರಲಿಲ್ಲ. ಬಹಳ ದಿನದ ಮೇಲೆ ಕಿಟಕಿ ತೆಗೆದು ಮಲಗಿದೆ.

ಬೆಳಗ್ಗೆ ಐದೂವರೆಗೆ ಫೋನ್. ಶಿವಲಿಂಗಣ್ಣ.

"ರಾತ್ರಿಯೆಲ್ಲಾ ನಿದ್ದೆ ಇಲ್ಲ ಕಣೋ. ತಲೆ ಸಿಡಿತಾ ಇದೆ. ನೀನು ಹೇಳಿದ್ದೇ ನಿಜ, ಇದು ಟವರಿಂದೇ. ಆ ಹಳೇ ಅರ್ಜಿ ಇದೆಯಾ ನಿನ್ನ ಹತ್ತಿರ? ವಿಕಿರಣ ಅಂತ ಬರೆದಿದ್ದು?"

ಕಿಟಕಿಯಿಂದ ಬಗ್ಗಿ ನೋಡಿದೆ. ಕೊಳವೆಯ ಮೊಣಕೈ ಈಗ ಆ ಕಡೆಗೆ ಮಡಿಸಿತ್ತು. ಶಿವಲಿಂಗಣ್ಣನ ಬಿಳೀ ಗೋಡೆ ಮೇಲೆ ಒಂದು ತಟ್ಟೆ ಇಡ್ಲಿಯಷ್ಟು ಅಗಲದ ಕಪ್ಪು ಗುರುತು ಆಗಲೇ ಮೂಡಿತ್ತು.

"ಹಲೋ?" ಅಂದೆ. "ಹಲೋ? ಶಿವಲಿಂಗಣ್ಣ, ಏನೂ ಕೇಳಿಸ್ತಿಲ್ಲ. ಟವರ್ ಸಿಗ್ತಿಲ್ಲ."